ಶಹರಜಾದಳ ಸಾವಿರ ಪುಸ್ತಕಗಳು: ಸಾಹಿತ್ಯದಲ್ಲಿ ಪೂರ್ವ, ಪಶ್ಚಿಮ ಮತ್ತು ‘ಅವರು’

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



 

ನನಗೆ ಕೊಟ್ಟಿರುವ ವಿಷಯ ‘ಸಾಹಿತ್ಯದಲ್ಲಿ ಪೂರ್ವ ಮತ್ತು ಪಶ್ಚಿಮ’. ವಿಷಯ ದೊಡ್ಡದು, ನಾನು ಶಾಲೆಯ ಸಾಮಾನ್ಯ ಶಿಕ್ಷಕಿ. ಆದ್ದರಿಂದ ನನಗೆ ಗೊತ್ತಿರುವ ಒಂದು ಸಣ್ಣ ಘಟನೆಯಿಂದ ಆರಂಭಿಸುತ್ತೇನೆ. ಅಂದು ಸಭೆಯಲ್ಲಿ ಇರದೆ ಈಗ ಈ ಪುಟಗಳಲ್ಲಿ ಓದುತ್ತಿರುವ ನೀವೂ ನನ್ನ ಮುಂದೆ ಕುಳಿತಿದ್ದೀರಿ ಎಂದೇ ಭಾವಿಸುತ್ತೇನೆ.

ನಾನು ಬಿ.ಎಡ್. ಓದುತ್ತಿದ್ದಾಗ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗೆಳತಿಯರು ಒಂದು ಹಾಸ್ಯ ಪ್ರಹಸನ ಬರೆದರು. ಅದರಲ್ಲಿ ‘ಸಾಬರ ಹೆಂಗಸು’ ಎಂಬ ಒಂದು ಪಾತ್ರ. ಬುರ್ಖಾ ತೊಟ್ಟು, ಕೈಯಲ್ಲೊಂದು ಕಂಕುಳಲ್ಲೊಂದು ಮಗು ಹಿಡಿದು, ಲಿಂಗ ವಚನಗಳನ್ನೆಲ್ಲ ತಪ್ಪಿ ಕನ್ನಡ ಮಾತನಾಡುವ ಹೆಂಗಸು. ಆ ಪಾತ್ರಕ್ಕೆ ನನ್ನನ್ನು ಕೇಳಿದರು. ಆ ವರ್ಷ ಕನ್ನಡ ಬೋಧನಾ ವಿಧಾನದಲ್ಲಿ ತರಗತಿಗೇ ಹೆಚ್ಚು ಅಂಕ ನನ್ನದಾಗಿತ್ತು. ಆದರೂ ನಾನು ಒಪ್ಪಿಕೊಂಡೆ. ಗೆಳತಿಯರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಸಭಾಂಗಣ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಾನೂ ನಕ್ಕೆ. ಮನೆಗೆ ಹಿಂದಿರುಗುವಾಗ ಬಸ್ಸಿನಲ್ಲಿ ಅಬ್ಬಾ ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು: “ನೀನು ಮಾಡಿದ ಆ ಹೆಂಗಸು ಯಾರು ಬೇಟಿ? ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲವಲ್ಲ.”

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಹೆಂಗಸು ನನ್ನ ಅಮ್ಮಿ ಅಲ್ಲ, ನಾನಿ ಅಲ್ಲ, ನಮ್ಮ ಬೀದಿಯ ಯಾರೂ ಅಲ್ಲ. ಆದರೂ ಸಭಾಂಗಣದಲ್ಲಿದ್ದ ಎಲ್ಲರಿಗೂ ಆಕೆ ಪರಿಚಿತಳು. ಅವಳನ್ನು ಯಾರು, ಎಲ್ಲಿ ಸೃಷ್ಟಿಸಿದರು? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೋದಾಗ ನನಗೆ ಸಿಕ್ಕಿದ ಹೆಸರು ಎಡ್ವರ್ಡ್ ಸೈದ್.

ಸೈದ್ 1935ರಲ್ಲಿ ಜೆರುಸಲೇಮಿನಲ್ಲಿ, ಪ್ಯಾಲೆಸ್ಟೀನಿನ ಒಂದು ಕ್ರೈಸ್ತ ಕುಟುಂಬದಲ್ಲಿ ಜನಿಸಿದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಅವರು 2003ರಲ್ಲಿ ನಿಧನರಾದರು. 1978ರಲ್ಲಿ ಪ್ರಕಟವಾದ ಅವರ ‘ಓರಿಯೆಂಟಲಿಸಂ’ ಎಂಬ ಗ್ರಂಥ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯವನ್ನು ಓದುವ ಕ್ರಮವನ್ನೇ ಬದಲಾಯಿಸಿತು. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಯುರೋಪಿನ ಬರಹಗಾರರು, ಪ್ರವಾಸಿಗರು, ವಿದ್ವಾಂಸರು ‘ಪೂರ್ವದೇಶ’ ಎಂಬ ಒಂದು ಚಿತ್ರವನ್ನು ನೂರಾರು ವರ್ಷಗಳ ಕಾಲ ಬರೆಯುತ್ತಾ ಬಂದರು. ಆ ಚಿತ್ರದಲ್ಲಿ ಪೂರ್ವದವನು ಸೋಮಾರಿ, ವಿಲಾಸಿ, ಕ್ರೂರಿ, ಬದಲಾಗದವನು. ಅದಕ್ಕೆ ಪ್ರತಿಯಾಗಿ ಪಶ್ಚಿಮದವನು ವಿವೇಕಿ, ಶ್ರಮಜೀವಿ, ನ್ಯಾಯವಂತ. ಅಂದರೆ ‘ಅವರು’ ಎಂಬ ಚಿತ್ರವನ್ನು ಬರೆಯುವ ಮೂಲಕ ‘ನಾವು’ ಎಂಬ ಚಿತ್ರವನ್ನೂ ಬರೆದುಕೊಂಡರು. ಆಳುವವರಿಗೆ ಈ ಚಿತ್ರ ಬಹಳ ಅನುಕೂಲವಾಯಿತು.

ಜ್ಞಾನ ಮತ್ತು ಅಧಿಕಾರ ಜೊತೆಯಾಗಿ ನಡೆಯುತ್ತವೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನರ ಅರಮನೆಯಲ್ಲಿದ್ದ ಸುಮಾರು 2000 ಗ್ರಂಥಗಳ ಭಂಡಾರವೂ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಚಾರ್ಲ್ಸ್ ಸ್ಟೀವರ್ಟ್ ಎಂಬ ವಿದ್ವಾಂಸ ಅದಕ್ಕೆ ವಿವರವಾದ ಸೂಚಿಯನ್ನು ಸಿದ್ಧಪಡಿಸಿ 1809ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ. ಆ ಸೂಚಿ ಇಲ್ಲದಿದ್ದರೆ ಟಿಪ್ಪುವಿನ ಗ್ರಂಥಾಲಯದಲ್ಲಿ ಏನಿತ್ತು ಎಂಬುದು ಇಂದು ನಮಗೆ ಸರಿಯಾಗಿ ತಿಳಿಯುತ್ತಿರಲಿಲ್ಲ ಎಂಬುದೂ ನಿಜ. ಆದರೆ ನಮ್ಮ ನೆಲದ ಪುಸ್ತಕಗಳ ಪಟ್ಟಿಯನ್ನು ನಾವು ಸಮುದ್ರದಾಚೆ ಅಚ್ಚಾದ ಗ್ರಂಥದಲ್ಲಿ ನೋಡಬೇಕಾಯಿತು ಎಂಬುದನ್ನೂ ಮರೆಯಬಾರದು.

ವಿದ್ಯಾರ್ಥಿಗಳೇ, ಸಿದ್ಧಾಂತಕ್ಕಿಂತ ಉದಾಹರಣೆ ಬೇಗ ಮನಸ್ಸಿಗೆ ಹತ್ತುತ್ತದೆ. ಆದ್ದರಿಂದ ನಮಗೆಲ್ಲ ಪರಿಚಿತವಾದ ಒಂದೇ ಒಂದು ಪುಸ್ತಕದ ಪ್ರಯಾಣವನ್ನು ನೋಡೋಣ. ಅದು ‘ಅಲ್ಫ್ ಲೈಲಾ ವ ಲೈಲಾ’, ಅಂದರೆ ‘ಸಾವಿರದ ಒಂದು ರಾತ್ರಿಗಳು’. ನನ್ನ ಓರಗೆಯವರು ಇದನ್ನು 1990ರ ದಶಕದಲ್ಲಿ ದೂರದರ್ಶನದ ‘ಅಲಿಫ್ ಲೈಲಾ’ ಧಾರಾವಾಹಿಯಲ್ಲಿ ನೋಡಿ ಬೆಳೆದವರು.

ಈ ಪುಸ್ತಕಕ್ಕೆ ಒಬ್ಬ ಕರ್ತೃವಿಲ್ಲ. ಇದರ ಬೇರು ‘ಹಜಾರ್ ಅಫ್ಸಾನ್’ ಎಂಬ ಪಾರ್ಸಿ ಕಥೆಗಳಲ್ಲಿದೆ ಎಂದು ಹತ್ತನೆಯ ಶತಮಾನದ ಬಾಗ್ದಾದಿನ ಇಬ್ನುನ್ನದೀಮ್ ಬರೆದಿದ್ದಾನೆ. ಇದರ ಅತ್ಯಂತ ಹಳೆಯ ಹಾಳೆ ಒಂಬತ್ತನೆಯ ಶತಮಾನದ್ದು. ಅದನ್ನು ವಿದುಷಿ ನಬಿಯಾ ಅಬ್ಬಟ್ 1949ರಲ್ಲಿ ಬೆಳಕಿಗೆ ತಂದರು. ಕಥೆಯೊಳಗೆ ಕಥೆ ಪೋಣಿಸುವ ಇದರ ಪದ್ಧತಿ ಭಾರತಕ್ಕೆ ಚಿರಪರಿಚಿತ. ನಮ್ಮ ಪಂಚತಂತ್ರ ಪಹ್ಲವಿ ಭಾಷೆಯ ಮೂಲಕ ಹಾದು ಎಂಟನೆಯ ಶತಮಾನದಲ್ಲಿ ಅರಬಿಯ ‘ಕಲೀಲಾ ವ ದಿಮ್ನಾ’ ಆಯಿತು. ಅದೇ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ. ಕಥೆಗಳಿಗೆ ಪರವಾನಗಿ ಬೇಕಿರಲಿಲ್ಲ, ಪೂರ್ವ ಪಶ್ಚಿಮ ಎಂಬ ಗಡಿಯೂ ಇರಲಿಲ್ಲ.

1704ರಲ್ಲಿ ಪ್ಯಾರಿಸಿನ ಆಂತ್ವಾನ್ ಗಾಲಾನ್ ಎಂಬ ವಿದ್ವಾಂಸ ಸಿರಿಯಾದಿಂದ ತರಿಸಿಕೊಂಡ ಹಸ್ತಪ್ರತಿಯನ್ನು ಇಟ್ಟುಕೊಂಡು ಇದನ್ನು ಫ್ರೆಂಚಿಗೆ ಅನುವಾದಿಸಿ ಪ್ರಕಟಿಸಲು ತೊಡಗಿದ. 1717ರ ಹೊತ್ತಿಗೆ 12 ಸಂಪುಟಗಳು ಹೊರಬಂದವು. ಯುರೋಪು ಮರುಳಾಯಿತು. ಆದರೆ ಹಸ್ತಪ್ರತಿಯ ಕಥೆಗಳು ಮುಗಿದುಹೋದವು, ಓದುಗರ ಆಸೆ ಮುಗಿಯಲಿಲ್ಲ. ಆಗ, 1709ರಲ್ಲಿ, ಅಲೆಪ್ಪೊ ನಗರದಿಂದ ಪ್ಯಾರಿಸಿಗೆ ಬಂದಿದ್ದ ಹನ್ನಾ ದಿಯಾಬ್ ಎಂಬ ಯುವಕ ಗಾಲಾನನಿಗೆ ಹೊಸ ಕಥೆಗಳನ್ನು ಬಾಯಿಯಲ್ಲಿ ಹೇಳಿದ. ಅಲ್ಲಾವುದ್ದೀನನ ದೀಪ, ಅಲಿಬಾಬ ಮತ್ತು ನಲವತ್ತು ಕಳ್ಳರು, ಇವೆರಡೂ ಆ ಯುವಕ ಹೇಳಿದ ಕಥೆಗಳು. ಇಂದು ‘ಅರೇಬಿಯನ್ ನೈಟ್ಸ್’ ಎಂದೊಡನೆ ಜಗತ್ತಿನ ಮಕ್ಕಳಿಗೆ ನೆನಪಾಗುವುದು ಇವೇ. ಆದರೆ ಗಾಲಾನ್ ತನ್ನ ದಿನಚರಿಯಲ್ಲಿ ಆತನ ಹೆಸರು ಬರೆದುಕೊಂಡನೇ ಹೊರತು ಅಚ್ಚಾದ ಪುಸ್ತಕದಲ್ಲಿ ಎಲ್ಲಿಯೂ ಹಾಕಲಿಲ್ಲ.

ದಿಯಾಬ್ ಅಲೆಪ್ಪೊಗೆ ಹಿಂದಿರುಗಿ ಬಟ್ಟೆ ವ್ಯಾಪಾರಿಯಾದ. ವೃದ್ಧಾಪ್ಯದಲ್ಲಿ, 1760ರ ದಶಕದಲ್ಲಿ, ತನ್ನ ಪ್ರವಾಸದ ಕಥೆಯನ್ನು ತಾನೇ ಅರಬಿಯಲ್ಲಿ ಬರೆದಿಟ್ಟ. ಆ ಹಸ್ತಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಮಲಗಿತ್ತು. ಅದು ಫ್ರೆಂಚ್ ಅನುವಾದವಾಗಿ ಪ್ರಕಟವಾದದ್ದು 2015ರಲ್ಲಿ. ಲೆಕ್ಕ ಹಾಕಿ ನೋಡಿ, ಕಥೆ ಹೇಳಿ ಮುನ್ನೂರು ವರ್ಷಗಳಾದ ಮೇಲೆ ಕಥೆಗಾರನ ಧ್ವನಿ ಹೊರಬಂತು. ಪೂರ್ವದವರು ಸರಕು ಕೊಡಬಹುದು, ಆದರೆ ಕರ್ತೃವಿನ ಪೀಠ ಅವರದಲ್ಲ ಎಂಬ ಭಾವನೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು. ಆದರೂ ಒಂದು ಸಮಾಧಾನವಿದೆ. ಆತ ಬರೆದಿಟ್ಟಿದ್ದ! ಬರೆಯದೇ ಇದ್ದಿದ್ದರೆ ಮುನ್ನೂರು ವರ್ಷಗಳಾದ ಮೇಲೂ ನ್ಯಾಯ ಸಿಗುತ್ತಿರಲಿಲ್ಲ.

ಗಾಲಾನನ ನಂತರ ಇಂಗ್ಲಿಷಿನ ಅನುವಾದಕರು ಬಂದರು. 1838ರಿಂದ 1841ರವರೆಗೆ ಎಡ್ವರ್ಡ್ ಲೇನ್ ತನ್ನ ಅನುವಾದವನ್ನು ಪ್ರಕಟಿಸಿದ. ಆತ ಕೈರೋದಲ್ಲಿ ವರ್ಷಗಟ್ಟಲೆ ವಾಸಿಸಿದ್ದ, ಅರಬಿಯಲ್ಲಿ ಪಂಡಿತ. ಆದರೆ ಅವನಿಗೆ ಕಥೆಗಳು ಕಥೆಗಳಾಗಿ ಸಾಲಲಿಲ್ಲ. ಅರಬರು ಹೇಗೆ ಉಣ್ಣುತ್ತಾರೆ, ಹೇಗೆ ಮದುವೆಯಾಗುತ್ತಾರೆ, ಮಾಟಮಂತ್ರವನ್ನು ಹೇಗೆ ನಂಬುತ್ತಾರೆ ಎಂದು ಟಿಪ್ಪಣಿಗಳ ಮೇಲೆ ಟಿಪ್ಪಣಿ ಬರೆದ. ಆ ಟಿಪ್ಪಣಿಗಳು ಎಷ್ಟಿದ್ದವೆಂದರೆ 1883ರಲ್ಲಿ ಅವುಗಳದೇ ಒಂದು ಪ್ರತ್ಯೇಕ ಪುಸ್ತಕವಾಯಿತು. ಬಳಿಕ 1885ರಿಂದ ರಿಚರ್ಡ್ ಬರ್ಟನ್ ಹೊರತಂದ ಸಂಪುಟಗಳಲ್ಲಿ ಟಿಪ್ಪಣಿಗಳು ಇನ್ನೂ ಹೆಚ್ಚಾದವು. ಲೇನ್ ಬಿಟ್ಟಿದ್ದ ಅಶ್ಲೀಲವೆಂಬ ಭಾಗಗಳನ್ನೆಲ್ಲ ಬರ್ಟನ್ ಎತ್ತಿ ಹಿಡಿದು ಹಿಗ್ಗಿಸಿದ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಹಾರುವ ಕುದುರೆ, ಮಾತನಾಡುವ ಮೀನು ಇರುವ ಕಟ್ಟುಕಥೆಯನ್ನು ಓದಿ ‘ಅರಬರ ಜೀವನ ಹೀಗಿದೆ’ ಎಂದು ಓದುಗ ತೀರ್ಮಾನಿಸುವಂತೆ ಆಯಿತು. ನಮ್ಮಲ್ಲಿ ಯಾರಾದರೂ ಬೇತಾಳನ ಕಥೆ ಓದಿ ‘ಹಿಂದೂಗಳು ಶವವನ್ನು ಹೊತ್ತುಕೊಂಡು ತಿರುಗುತ್ತಾರೆ’ ಎಂದರೆ ನಾವು ನಗುವುದಿಲ್ಲವೇ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅದು ಅನ್ನಕ್ಕೆ ಸರಿ. ಮನುಷ್ಯರ ವಿಷಯದಲ್ಲಿ ಒಂದು ಅಗುಳು ಇಡೀ ಮಡಕೆಯ ಲೆಕ್ಕ ಹೇಳಲಾರದು.

ಈಗ ಕಥೆಯ ನಾಯಕಿ ಶಹರಜಾದಳ ಕಡೆಗೆ ಬರೋಣ. ರಾಜ ಶಹರಿಯಾರ್ ದಿನಕ್ಕೊಬ್ಬ ಹೆಣ್ಣನ್ನು ಮದುವೆಯಾಗಿ ಬೆಳಗಾಗುವಷ್ಟರಲ್ಲಿ ಕೊಲ್ಲಿಸುತ್ತಿದ್ದ. ವಜೀರನ ಮಗಳು ಶಹರಜಾದ ತಾನಾಗಿಯೇ ಮುಂದೆ ಬಂದು ಅವನನ್ನು ಮದುವೆಯಾಗಿ, ರಾತ್ರಿಗೊಂದು ಕಥೆ ಹೇಳಿ, ತನ್ನ ಜೀವವನ್ನೂ ನಾಡಿನ ಹೆಣ್ಣುಮಕ್ಕಳ ಜೀವವನ್ನೂ ಉಳಿಸಿದಳು. ಅರಬಿ ಮೂಲ ಅವಳನ್ನು ಪರಿಚಯಿಸುವಾಗ ಎತ್ತಿ ಹೇಳುವುದು ಅವಳ ಓದನ್ನು: ಅವಳು ಇತಿಹಾಸ ಓದಿದ್ದಳು, ವೈದ್ಯ ಗ್ರಂಥಗಳನ್ನು ಓದಿದ್ದಳು, ಕಾವ್ಯ ಬಾಯಿಪಾಠವಿತ್ತು, ಜ್ಞಾನಿಗಳ ಮಾತು ತಿಳಿದಿತ್ತು. ಅವಳ ಬಳಿ ಸಾವಿರ ಪುಸ್ತಕಗಳಿದ್ದವು ಎಂದು ಅರಬಿಯ ಮುದ್ರಿತ ಪಾಠಗಳಲ್ಲಿದೆ. ಅಂದರೆ ಅವಳ ಆಯುಧ ಪುಸ್ತಕ.

ಪಶ್ಚಿಮಕ್ಕೆ ಹೋದ ಶಹರಜಾದಳಿಗೆ ಏನಾಯಿತು? ಮೊರಾಕ್ಕೊದ ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸ್ಸಿ 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಪರಿಶೀಲಿಸಿದ್ದಾರೆ. ಪಶ್ಚಿಮದ ಚಿತ್ರಗಳಲ್ಲಿ, ನೃತ್ಯಗಳಲ್ಲಿ ಅವಳ ಪುಸ್ತಕಗಳು ಮಾಯವಾದವು. ಒಡವೆ ಮತ್ತು ತೆಳು ವಸ್ತ್ರ ಮಾತ್ರ ಉಳಿದವು. ಜನಾನಾದಲ್ಲಿ ಒರಗಿ ಮಲಗಿದ ಹೆಣ್ಣುಗಳ ಪ್ರಸಿದ್ಧ ಚಿತ್ರಗಳನ್ನು ಬರೆದ ಫ್ರೆಂಚ್ ಕಲಾವಿದ ಆಂಗ್ರ್ ಒಮ್ಮೆಯೂ ಪೂರ್ವದೇಶಕ್ಕೆ ಕಾಲಿಟ್ಟವನಲ್ಲ. ಅಮೆರಿಕದ ಎಡ್ಗರ್ ಅಲನ್ ಪೋ 1845ರಲ್ಲಿ ಬರೆದ ‘ಸಾವಿರದ ಎರಡನೆಯ’ ಕಥೆಯಲ್ಲಿ ರಾಜ ಬೇಸತ್ತು ಶಹರಜಾದಳನ್ನು ಕೊಲ್ಲಿಸಿಯೇ ಬಿಡುತ್ತಾನೆ. ಅರಬಿ ಕಥೆಯಲ್ಲಿ ಮಾತಿನ ಬಲದಿಂದ ಬದುಕಿದವಳು ಅಲ್ಲಿ ಅತಿ ಮಾತಿನಿಂದಲೇ ಸತ್ತಳು. ಮೂಲದಲ್ಲಿ ಓದಿದ ಹೆಣ್ಣು, ದಾಟಿಹೋದ ಮೇಲೆ ನೋಡುವ ಗೊಂಬೆ. ಅಬ್ಬಾ ಕೇಳಿದ್ದ “ಆ ಹೆಂಗಸು ಯಾರು?” ಎಂಬ ಪ್ರಶ್ನೆಗೆ ಉತ್ತರ ನನಗೆ ಇಲ್ಲಿ ಸಿಕ್ಕಿತು. ಎಲ್ಲಿಯೂ ಇಲ್ಲದ, ಆದರೆ ಎಲ್ಲರಿಗೂ ಗೊತ್ತಿರುವ ಹೆಂಗಸು ಹೀಗೆಯೇ ಹುಟ್ಟುತ್ತಾಳೆ.

ಇಷ್ಟು ಕೇಳಿ ‘ಹಾಗಾದರೆ ಪಶ್ಚಿಮದವರೆಲ್ಲ ಹೀಗೆಯೇ’ ಎಂದು ನೀವು ತೀರ್ಮಾನಿಸಿದರೆ ನನ್ನ ಭಾಷಣ ವ್ಯರ್ಥ. ಏಕೆಂದರೆ ಅದೂ ಒಂದು ಅಗುಳಿನ ಲೆಕ್ಕವೇ ಆಗುತ್ತದೆ. ಜರ್ಮನಿಯಿಂದ ಬಂದ ಪಾದ್ರಿ ಕಿಟ್ಟೆಲ್ ತನ್ನ ಆಯುಷ್ಯದ ದೊಡ್ಡ ಪಾಲನ್ನು ಕನ್ನಡಕ್ಕೆ ಸವೆಸಿ 1894ರಲ್ಲಿ ನಿಘಂಟು ಕೊಟ್ಟರು. ಇಂದಿಗೂ ಕನ್ನಡ ಶಿಕ್ಷಕರು ಅದನ್ನು ಬಿಡಿಸಿ ನೋಡುತ್ತೇವೆ. ಜರ್ಮನ್ ಮಹಾಕವಿ ಗಯಟೆ ಪಾರ್ಸಿ ಕವಿ ಹಾಫಿಜರನ್ನು ಅನುವಾದದಲ್ಲಿ ಓದಿ, ನಾಲ್ಕು ಶತಮಾನಗಳಾಚೆಯ ಆ ಕವಿಯನ್ನು ತನ್ನ ಅವಳಿ ಎಂಬಂತೆ ಪ್ರೀತಿಸಿ, 1819ರಲ್ಲಿ ‘ಪಶ್ಚಿಮ-ಪೂರ್ವ ದಿವಾನ್’ ಎಂಬ ಕವನ ಸಂಗ್ರಹವನ್ನು ಪ್ರಕಟಿಸಿದ. ಒಂದು ಶತಮಾನ ಕಳೆದ ಮೇಲೆ, 1923ರಲ್ಲಿ, ನಮ್ಮ ಅಲ್ಲಾಮಾ ಇಕ್ಬಾಲ್ ಅದಕ್ಕೆ ಉತ್ತರವಾಗಿ ‘ಪಯಾಮೆ ಮಶ್ರಿಕ್’ ಅಂದರೆ ‘ಪೂರ್ವದ ಸಂದೇಶ’ವನ್ನು ಪಾರ್ಸಿಯಲ್ಲಿ ಬರೆದರು. ಗಯಟೆ ಪೂರ್ವವನ್ನು ಗುರುವಿನ ಮನೆಯಂತೆ ಕಂಡ. ಇಕ್ಬಾಲರು ಸಮಾನರಾಗಿ ನಿಂತು ಉತ್ತರ ಕೊಟ್ಟರು. ಸಾಹಿತ್ಯದಲ್ಲಿ ಪೂರ್ವ ಮತ್ತು ಪಶ್ಚಿಮ ಭೇಟಿಯಾಗಲು ಈ ದಾರಿಯೂ ಇದೆ. ಸೈದ್ ಅವರ ಗ್ರಂಥ ಜರ್ಮನ್ ವಿದ್ವಾಂಸರ ಕಡೆಗೆ ಸಾಕಷ್ಟು ಗಮನ ಕೊಡಲಿಲ್ಲ ಎಂಬ ಟೀಕೆ ಬಂದದ್ದೂ ಈ ಕಾರಣಕ್ಕೇ.

ಇನ್ನೂ ಒಂದು ಕಹಿ ಮಾತನ್ನು ಹೇಳಲೇಬೇಕು. ‘ಅಲ್ಫ್ ಲೈಲಾ’ದ ಒಳಗೂ ‘ಅವರು’ ಇದ್ದಾರೆ. ಅದರ ಕಪ್ಪು ಗುಲಾಮರನ್ನು, ಬೆಂಕಿಯನ್ನು ಪೂಜಿಸುವ ಮಜೂಸಿಗಳನ್ನು ನೋಡಿ. ಅನೇಕ ಕಥೆಗಳಲ್ಲಿ ಅವರಿಗೆ ಖಳನ ಪಾತ್ರವೇ ಗತಿ. ಅನ್ಯರನ್ನು ಕುರೂಪಗೊಳಿಸುವ ಚಟ ಪಶ್ಚಿಮಕ್ಕೆ ಮಾತ್ರ ಅಂಟಿದ ರೋಗವಲ್ಲ. ‘ಪಾಶ್ಚಾತ್ಯರಿಗೆ ಕುಟುಂಬವಿಲ್ಲ, ತಂದೆ ತಾಯಿಯರನ್ನು ನೋಡಿಕೊಳ್ಳುವುದಿಲ್ಲ’ ಎಂದು ನಾವು ನಮ್ಮ ಸಭೆಗಳಲ್ಲಿ ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ! ಅವರ ಒಂದು ಕಾದಂಬರಿಯನ್ನಾದರೂ ಪೂರ್ತಿ ಓದಿ ಹೇಳುತ್ತೇವೆಯೇ? ನೆರೆಮನೆಯ ಹಬ್ಬದ ಅರ್ಥವನ್ನು ಕೇಳಿ ತಿಳಿಯದೆ ಅವರ ಬಗ್ಗೆ ಮಾತನಾಡುವಾಗಲೂ ನಾವು ಅದೇ ತಪ್ಪನ್ನು ಮಾಡುತ್ತಿರುತ್ತೇವೆ.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಬಹಳ ಕಾಲ ಕನ್ನಡ ಕಥೆ, ನಾಟಕ, ಸಿನಿಮಾಗಳಲ್ಲಿ ಮುಸ್ಲಿಮನು ಬಂದಾಗ ಹೆಚ್ಚಾಗಿ ಇಬ್ಬರಲ್ಲಿ ಒಬ್ಬನಾಗಿ ಬಂದ: ಹರಕು ಕನ್ನಡದ ಹಾಸ್ಯಗಾರ, ಇಲ್ಲವೇ ಪ್ರಾಣ ಕೊಡುವ ಅತಿ ಒಳ್ಳೆಯವನು. ಸಾಲ ಮಾಡುವ, ಮಗಳ ಶಾಲೆಯ ಶುಲ್ಕಕ್ಕೆ ಪರದಾಡುವ, ಹೆಂಡತಿಯೊಡನೆ ಜಗಳವಾಡುವ ಸಾಧಾರಣ ಮನುಷ್ಯನಾಗಿ ಬಂದದ್ದು ಕಡಿಮೆ. 1980ರ ದಶಕದಲ್ಲಿ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಕನ್ನಡದ ಓದುಗರು ಮುಸ್ಲಿಂ ಮನೆಯ ಅಡುಗೆಕೋಣೆಯನ್ನು ಒಳಗಿನಿಂದ ಕಂಡರು. ಅದು ಹೊಗಳಿಕೆಯ ಚಿತ್ರವಾಗಿರಲಿಲ್ಲ. ನಮ್ಮ ತಪ್ಪುಗಳನ್ನು ನಾವೇ ಹೇಳಿಕೊಂಡ ಚಿತ್ರ. ನಮ್ಮವರಲ್ಲೇ ಕೆಲವರಿಗೆ ಅದು ಹಿಡಿಸಲಿಲ್ಲ. ಆದರೆ ನಮ್ಮ ನೋವನ್ನು ನಾವು ಬರೆಯದಿದ್ದರೆ ಅದನ್ನು ಇನ್ನೊಬ್ಬರು ತಮಗೆ ಬೇಕಾದಂತೆ ಬರೆಯುತ್ತಾರೆ.

2025ರ ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದಿಂದ ಈ ಪ್ರಶಸ್ತಿ ಪಡೆದ ಮೊದಲ ಕೃತಿ, ಮೊದಲ ಸಣ್ಣಕಥಾ ಸಂಕಲನ. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದು ಅನುವಾದಕಿ ದೀಪಾ ಭಾಸ್ತಿ ಅವರು ಮಾಡಿದ ಒಂದು ಕೆಲಸ. ಕನ್ನಡ, ಉರ್ದು, ಅರಬಿ ಪದಗಳನ್ನು ಅವರು ಓರೆ ಅಕ್ಷರದಲ್ಲಿ ಬೇರ್ಪಡಿಸಲಿಲ್ಲ, ಕೆಳಗೆ ಟಿಪ್ಪಣಿಯನ್ನೂ ಹಾಕಲಿಲ್ಲ. ಲೇನ್ ಮತ್ತು ಬರ್ಟನ್ನರ ಟಿಪ್ಪಣಿಗಳ ರಾಶಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ನಾವು ವಿವರಿಸಬೇಕಾದ ವಸ್ತುವಾಗಿದ್ದೆವು. ಇಲ್ಲಿ ಓದುಗನೇ ಎರಡು ಹೆಜ್ಜೆ ನಡೆದು ನಮ್ಮ ಮನೆಗೆ ಬರಬೇಕು.

ಆದರೆ ಸದಸ್ಯ ಬಂಧುಗಳೇ, ಆ ಸುದ್ದಿ ಬಂದ ಮರುದಿನ ನಾನು ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಹುಡುಕಿದೆ. ಬಾನು ಮುಷ್ತಾಕ್ ಅವರ ಒಂದು ಕನ್ನಡ ಕಥಾ ಸಂಕಲನ ಕಪಾಟಿನಲ್ಲಿತ್ತು. ಅದರ ಹಿಂದಿನ ಚೀಟಿಯಲ್ಲಿ ಒಂದೇ ಒಂದು ದಿನಾಂಕವೂ ಇರಲಿಲ್ಲ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನಾನೂ ಅದನ್ನು ಮನೆಗೆ ಒಯ್ದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಲಂಡನ್ನಿನವರು ಹೇಳಿದ ಮೇಲೆ ನಮ್ಮ ಕಣ್ಣು ತೆರೆಯುವುದಾದರೆ ನಾವು ಇನ್ನೂ ಪರರ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದೇವೆ ಎಂದೇ ಅರ್ಥ. ಸೈದ್ ಅವರನ್ನು ಓದಿ ಪಶ್ಚಿಮವನ್ನು ದೂರುವುದು ಸುಲಭ. ಸ್ವಂತ ಕಪಾಟಿನ ಧೂಳು ಒರೆಸುವುದು ಕಷ್ಟ.

ಪ್ರಿಯ ವಿದ್ಯಾರ್ಥಿಗಳೇ, ಕೊನೆಯದಾಗಿ ನಿಮ್ಮಂಥ ಒಬ್ಬ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಎಂಟನೆಯ ತರಗತಿಗೆ ‘ನಮ್ಮ ಹಬ್ಬ’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಒಬ್ಬಳು ಹೀಗೆ ಆರಂಭಿಸಿದ್ದಳು: “ಮುಸ್ಲಿಮರು ರಂಜಾನ್ ಹಬ್ಬವನ್ನು ಆಚರಿಸುತ್ತಾರೆ. ಅವರು ಹೊಸ ಬಟ್ಟೆ ಧರಿಸುತ್ತಾರೆ.” ಅಕ್ಷರ ಮುತ್ತಿನಂತಿತ್ತು, ವ್ಯಾಕರಣ ತಪ್ಪಿರಲಿಲ್ಲ. ಗೈಡಿನಲ್ಲಿ ಹೇಗಿತ್ತೋ ಹಾಗೆಯೇ ಬರೆದಿದ್ದಳು. ನಾನು ಅವಳನ್ನು ಕರೆದು ಕೇಳಿದೆ, “ಇದರಲ್ಲಿ ‘ಅವರು’ ಅಂದರೆ ಯಾರಮ್ಮ?” ಅವಳು ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, “ನಾವೇ ಮೇಡಂ” ಎಂದಳು.

“ಹಾಗಾದರೆ ‘ನಾವು’ ಅಂತ ಬರಿ” ಎಂದೆ. ಮರುದಿನ ಅವಳು ತಂದ ಪ್ರಬಂಧದಲ್ಲಿ ಹೊಸ ಬಟ್ಟೆಯ ಮಾತು ಹೀಗಿತ್ತು: ಹಬ್ಬದ ಹಿಂದಿನ ರಾತ್ರಿ ನಮ್ಮ ಅಮ್ಮಿ ಮಲಗುವುದಿಲ್ಲ, ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಾರೆ, ಊರವರ ಬಟ್ಟೆಯೆಲ್ಲ ಮುಗಿದ ಮೇಲೆ ನನ್ನದನ್ನು ಹೊಲಿಯುತ್ತಾರೆ, ಆದ್ದರಿಂದ ನನ್ನ ಅಂಗಿಯ ಗುಂಡಿ ಹಬ್ಬದ ಬೆಳಿಗ್ಗೆಯೇ ಬೀಳುವುದು.

ಕಾಗುಣಿತದ ಮೂರು ತಪ್ಪುಗಳಿದ್ದವು. ತಿದ್ದಿದೆ. ಹತ್ತಕ್ಕೆ ಒಂಬತ್ತು ಅಂಕ ಕೊಟ್ಟೆ. ಅಬ್ಬಾ ಇಂದು ನಮ್ಮೊಂದಿಗಿಲ್ಲ. ಇದ್ದಿದ್ದರೆ ಆ ಹಾಳೆಯನ್ನು ಅವರ ಕೈಗೆ ಕೊಟ್ಟು, ನಮ್ಮ ಬೀದಿಯ ಹೆಂಗಸು ಇವಳು ಎಂದು ಹೇಳುತ್ತಿದ್ದೆ.

ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಓದಿ, ಬರೆಯಿರಿ. ಶಹರಜಾದಳಂತೆ ಸಾವಿರ ಪುಸ್ತಕ ಓದಲಾಗದಿದ್ದರೆ ಈ ವರ್ಷ ಹತ್ತನ್ನು ಓದಿ. ಅವುಗಳಲ್ಲಿ ಒಂದಾದರೂ ನಿಮ್ಮವರಲ್ಲದವರು ಬರೆದದ್ದಾಗಿರಲಿ.